ಇವ್ರದೊಂದು ಕೆಲ್ಸ ಇತ್ತು ಸಾರ್

ವಿದ್ವಾಂಸರನ್ನು ದೂರದಿಂದ ಗೌರವಿಸುವುದು ಬಹಳ ಸುಲಭದ ಕೆಲಸ. ಅವರು ವೇದಿಕೆ ಮೇಲೆ ಕೂತಿರುತ್ತಾರೆ, ಯಾರೋ ಶಾಲು ಹೊದಿಸುತ್ತಾರೆ, ನಾವು ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿ, ಕೊಟ್ಟ ಕೇಸರಿಬಾತು ತಿಂದು ಮನೆಗೆ ಬರಬಹುದು. ಆದರೆ ವಿದ್ವಾಂಸರು ನಮ್ಮ ಮನೆಯಲ್ಲೇ ಇದ್ದು, ನಮ್ಮ ಎದುರಿಗೇ ಕೂತು ಮುದ್ದೆ ಮುರಿಯುತ್ತಾ, ನಾವು ಆಡಿದ ಪ್ರತಿ ಮಾತಿಗೂ ‘ಓಹೋ, ಹಂಗೋ’ ಎಂದು ತಲೆಯಾಡಿಸತೊಡಗಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ನನ್ನ ಹೆಂಡತಿ ಮಂಜುಳಾ ಚಳ್ಳಕೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಾಳೆ. ಸಾರ್ವಜನಿಕ ಆಡಳಿತದಲ್ಲಿ ಸಂಶೋಧನೆ ಮಾಡಿದವಳು. ನಾನು ಸರ್ಕಾರಿ ಗುಮಾಸ್ತ. ಹುಲ್ಲಿನ ಮೇಲೆ ಸಂಶೋಧನೆ ಮಾಡುವವರು ಸಂಜೆ ಮನೆಗೆ ಹೋದರೆ ಹುಲ್ಲು ಕಾವಲಿನಲ್ಲೇ ಉಳಿಯುತ್ತದೆ. ಸರ್ಕಾರಿ ನೌಕರರ ಮೇಲೆ ಸಂಶೋಧನೆ ಮಾಡುವವಳು ಸಂಜೆ ಮನೆಗೆ ಬಂದರೆ ಸರ್ಕಾರಿ ನೌಕರ ಲುಂಗಿ ಉಟ್ಟುಕೊಂಡು ಟೀವಿ ಮುಂದೆ ಕೂತಿರುತ್ತಾನೆ. ನನ್ನ ಕಷ್ಟ ಇದು.

ನಾನು ಯಾವ ಇಲಾಖೆಯಲ್ಲಿದ್ದೇನೆ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ನೀವೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತೀರಿ. ಜೊತೆಗೆ ಕರೆದುಕೊಂಡು ಬರುತ್ತೀರಿ ಎಂದೆನಲ್ಲ, ಮಂಜುಳಾಳ ಸಂಶೋಧನೆಯ ವಿಷಯ ಅದೇ. ಅವಳ ಮಹಾಪ್ರಬಂಧದ ಶೀರ್ಷಿಕೆಯಲ್ಲಿ ನಾಗರಿಕ, ಅಧಿಕಾರಿ, ಸಹಚರ, ಸಂಬಂಧ, ತಾಲ್ಲೂಕು ಮಟ್ಟ, ಚಳ್ಳಕೆರೆ, ಮೊಳಕಾಲ್ಮೂರು, ಒಂದು ಅಧ್ಯಯನ ಎಲ್ಲವೂ ಬರುತ್ತವೆ. ಪೂರ್ತಿ ಹೇಳಬೇಕಾದರೆ ನಾನು ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತೇನೆ. ಆದರೆ ವಿಷಯ ಚಿಕ್ಕದು. ನಮ್ಮ ಕಡೆ ಯಾರೂ ಸರ್ಕಾರಿ ಕಚೇರಿಗೆ ಒಬ್ಬರೇ ಹೋಗುವುದಿಲ್ಲ. ಕೆಲಸ ಇರುವವನು ಒಬ್ಬ, ಮಾತಾಡುವವನು ಇನ್ನೊಬ್ಬ. ಕೆಲಸ ಇರುವವನು ಟವಲ್ಲಿನ ಅಂಚು ಹಿಡಿದುಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಲ್ಲುತ್ತಾನೆ. ಜೊತೆಗೆ ಬಂದವನು ಒಂದು ಹೆಜ್ಜೆ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, “ಇವ್ರದೊಂದು ಕೆಲ್ಸ ಇತ್ತು ಸಾರ್” ಎನ್ನುತ್ತಾನೆ. ಅಲ್ಲಿಂದ ಆಡಳಿತ ಶುರುವಾಗುತ್ತದೆ.

ಇದನ್ನು ನಾನು ನೌಕರಿಗೆ ಸೇರಿದ ದಿನದಿಂದ ನೋಡುತ್ತಿದ್ದೇನೆ. ನೋಡುತ್ತಿದ್ದೇನೆ ಎಂದರೆ, ಫ್ಯಾನು ತಿರುಗುವುದನ್ನು ನೋಡುತ್ತೇವಲ್ಲ, ಹಾಗೆ. ಒಂದು ದಿನ ನಾನು ಊಟದ ಡಬ್ಬಿ ಮರೆತು ಹೋಗಿದ್ದೆ. ಕಾಲೇಜಿಗೆ ಹೊರಟಿದ್ದ ಮಂಜುಳಾ ಅದನ್ನು ಕೊಡಲು ಬಂದಳು. ನಾನು ಸಾಹೇಬರ ಕೋಣೆಯಲ್ಲಿದ್ದೆ. ಹೊರಗಿನ ಬೆಂಚಿನ ಮೇಲೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಬಂದು ಡಬ್ಬಿ ತೆಗೆದುಕೊಂಡೆ, ಅವಳು ಮಾತ್ರ ಏಳಲಿಲ್ಲ. ಆ ದಿನ ಕಾಲೇಜಿಗೆ ರಜೆ ಹಾಕಿ ಅಲ್ಲೇ ಕೂತುಬಿಟ್ಟಳು. ಸಂಜೆ ಮನೆಗೆ ಬಂದಾಗ ಬಾಗಿಲಲ್ಲೇ ಕೇಳಿದಳು: “ಏನ್ರಿ, ನಿಮ್ಮ ಆಫೀಸಿಗೆ ಬರೋರೆಲ್ಲ ಮೂಕರಾ?” ನನಗೆ ಸಿಟ್ಟು ಬಂತು. ನಮ್ಮ ಆಫೀಸಿಗೆ ಬರುವವರು ಮೂಕರಾಗಿದ್ದರೆ ನನಗೆ ದಿನಾ ತಲೆನೋವಿನ ಮಾತ್ರೆ ಯಾಕೆ ಬೇಕಿತ್ತು? ಅವಳು ನಕ್ಕು, “ಕೆಲ್ಸ ಇರೋರು ಮೂಕರು. ಕೆಲ್ಸ ಇಲ್ದೋರು ಮಾತಾಡ್ತಾರೆ. ಯಾಕೆ?” ಎಂದಳು. ಈ ‘ಯಾಕೆ’ ನಮ್ಮ ಮನೆಗೆ ಬಂದು ಸೇರಿದ್ದು ಅವತ್ತು. ಆಮೇಲೆ ಅದು ನಮ್ಮ ಜೊತೆಗೇ ಉಂಡು, ನಮ್ಮ ಜೊತೆಗೇ ಮಲಗಿ, ವರ್ಷಗಟ್ಟಲೆ ಇತ್ತು.

ನಾನು ಆಗ ಬಹಳ ತಿಳಿದವನಂತೆ ಉತ್ತರ ಕೊಟ್ಟೆ. ಜನ ಓದಿರುವುದಿಲ್ಲ, ನಿಯಮ ಗೊತ್ತಿರುವುದಿಲ್ಲ, ಅದಕ್ಕೆ ತಿಳಿದವರನ್ನು ಕರೆದುಕೊಂಡು ಬರುತ್ತಾರೆ ಎಂದೆ. ಅವಳು ವಾದ ಮಾಡಲಿಲ್ಲ. ರಜೆ ಸಿಕ್ಕಾಗಲೆಲ್ಲ ಹೋಗಿ ಬೆಂಚಿನ ಮೇಲೆ ಕೂತಳು. ಚಳ್ಳಕೆರೆಯಲ್ಲಿ ಕೂತಳು, ಮೊಳಕಾಲ್ಮೂರಿಗೆ ಬಸ್ಸು ಹಿಡಿದು ಹೋಗಿ ಅಲ್ಲೂ ಕೂತಳು. ಬಿಸಿಲು ಎಂದರೆ ನಮ್ಮ ಕಡೆಯ ಬಿಸಿಲು. ಬೆಂಚು ಎಂದರೆ ಕಬ್ಬಿಣದ್ದು. ಯಾವ ಯಾವ ಆಫೀಸಿನ ಬೆಂಚು ಎಷ್ಟು ಹೊತ್ತಿಗೆ ನೆರಳಿಗೆ ಬರುತ್ತದೆ ಎನ್ನುವುದು ಅವಳಷ್ಟು ಈ ಸೀಮೆಯಲ್ಲಿ ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ, ಅವಳ ಸಂಶೋಧನೆಯೆಲ್ಲ ಅದರ ಮೇಲೇ ನಿಂತಿದೆ. ಉಳ್ಳಾರ್ತಿ ಕಾವಲ್ ಎನ್ನುವ ಹುಲ್ಲು ಬಯಲಿನ ಕಡೆಯಿಂದ ಕುರಿ ಸಾಕುವವರು ಇಬ್ಬರು ಬಂದಿದ್ದರು, ಓಬಯ್ಯ ಮತ್ತು ಪಾಲಯ್ಯ. ಓಬಯ್ಯನ ಕುರಿಗಳು ಸಿಡಿಲಿಗೆ ಸತ್ತಿದ್ದವು. ಪಾಲಯ್ಯ ಮುಂದೆ ಬಂದು, “ಇವ್ರದೊಂದು ಕೆಲ್ಸ ಇತ್ತು ಸಾರ್. ಸಿಡ್ಲು ಬಡ್ದು ಕುರಿ ಸತ್ತಾವೆ” ಎಂದ. (ಈಗ ನಾನು ಯಾವ ಇಲಾಖೆ ಎನ್ನುವುದು ನಿಮಗೆ ಗೊತ್ತಾಗಿಹೋಯಿತು. ಇರಲಿ ಬಿಡಿ.) ನಾನು ಓಬಯ್ಯನ ಕಡೆ ನೋಡಿ “ನಿನ್ನ ಹೆಸ್ರೇನಪ್ಪಾ?” ಎಂದೆ. ಪಾಲಯ್ಯ “ಓಬಯ್ಯ ಅಂತ ಸಾರ್” ಎಂದ. “ಎಲ್ಲಿ ಮೇಯ್ತಿದ್ವು?” ಎಂದು ಓಬಯ್ಯನನ್ನೇ ಕೇಳಿದೆ. “ಕಾವಲ್ ಅಂಚಿಗೆ ಸಾರ್, ಜಾಲಿ ಮರದ ಕೆಳ್ಗೆ ನಿಂತಿದ್ವಂತೆ” ಎಂದ ಪಾಲಯ್ಯ. ಏನು ಧಾಟಿ, ಏನು ಗತ್ತು! ಮೋಡ ಹೇಗೆ ಕವಿಯಿತು, ಗಾಳಿ ಯಾವ ಕಡೆಯಿಂದ ಬಂತು, ಎಲ್ಲ ಸಾಹೇಬರ ಎದುರಿಗೂ ನಿಂತು ಹೇಳಿದ. ಓಬಯ್ಯ ಕ್ಯಾಲೆಂಡರ್ ನೋಡುತ್ತಲೇ ಇದ್ದ. ಕೆಲಸ ಆಗಿ ಇಬ್ಬರೂ ಹೋದರು.

ಕೆಲವು ತಿಂಗಳಾದ ಮೇಲೆ ಅವರಿಬ್ಬರೇ ಮತ್ತೆ ಬಂದರು. ಈ ಸಲ ಒಂದು ಹೆಜ್ಜೆ ಮುಂದೆ ಬಂದವನು ಓಬಯ್ಯ. “ಇವ್ರದೊಂದು ಕೆಲ್ಸ ಇತ್ತು ಸಾರ್” ಎಂದ. ಪಾಲಯ್ಯನ ಹಟ್ಟಿಗೆ ಕಾಯಿಲೆ ಬಿದ್ದು ಕುರಿ ಹೋಗಿದ್ದವು. ಅವತ್ತು ಸಾಹೇಬರ ಮುಂದೆ ಭಾಷಣ ಮಾಡಿದ್ದ ಪಾಲಯ್ಯ ಈಗ ಟವಲ್ಲಿನ ಅಂಚು ಹಿಡಿದುಕೊಂಡು, ಅದೇ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದಾನೆ. ಕ್ಯಾಲೆಂಡರ್ ನೋಡಿ ನೋಡಿ ಬಾಯಿ ಬಿದ್ದುಹೋಗಿದ್ದ ಓಬಯ್ಯ ರೋಗದ ಹೆಸರಿನಿಂದ ಹಿಡಿದು ಡಾಕ್ಟರು ಬಂದ ಬೈಕಿನ ಬಣ್ಣದವರೆಗೆ ನಿರರ್ಗಳವಾಗಿ ಹೇಳುತ್ತಿದ್ದಾನೆ! ನಾನು ಎಂದಿನಂತೆ ಫೈಲು ತೆಗೆದುಕೊಂಡು ಸಹಿ ಎಲ್ಲಿ ಬೇಕೆಂದು ತೋರಿಸಿದೆ. ಎರಡೂ ಸಲ ಬೆಂಚಿನ ಮೇಲಿದ್ದ ಮಂಜುಳಾ ಮಾತ್ರ ದಡಕ್ಕನೆ ಎದ್ದು ನಿಂತಿದ್ದಳು. ತಿಳಿದವನು ತಿಳಿಯದವನಿಗೆ ಮಾತಾಡುತ್ತಾನೆ ಎನ್ನುವ ನನ್ನ ಸಿದ್ಧಾಂತ ಅಲ್ಲೇ ಮಕಾಡೆ ಮಲಗಿತ್ತು.

ಅವಳು ಅವರ ಹಿಂದೆಯೇ ಹೋಗಿ ಟೀ ಅಂಗಡಿಯಲ್ಲಿ ಹಿಡಿದಳು. ಅವಳ ಪದ್ಧತಿ ಎಂದರೆ ಒಂದೇ: ಮಾತಾಡುವವರಿಗೆ ಕೈಮುಗಿದು, ಮಾತಾಡದವರ ಕಡೆ ತಿರುಗಿ “ನೀವು ಹೇಳ್ರಿ” ಎನ್ನುವುದು. ಅಂದು ಪಾಲಯ್ಯನ ಕಡೆ ತಿರುಗಿ ಹಾಗೆಂದಳು. ಓಬಯ್ಯ ಬಾಯಿ ಹಾಕಲು ಬಂದ. “ಅಣ್ಣ, ನೀವಿರ್ರಿ. ಅವ್ರು ಹೇಳ್ಲಿ” ಎಂದಳು. ಟೀ ಲೋಟ ಕೆಳಗಿಟ್ಟು ಪಾಲಯ್ಯ ಹೇಳಿದನಂತೆ: “ಏನು ಹೇಳಾನಕ್ಕ. ಸತ್ತಿದ್ದು ನನ್ನ ಕುರಿ. ಬಾಯಿ ತೆಗುದ್ರೆ ಗಂಟ್ಲು ಕಟ್ಕೊಂತೈತೆ. ಅವ್ನಿಗೇನು, ಅವ್ನ ಕುರಿ ಅಲ್ಲ, ಸರಾಗ ಹೇಳ್ತಾನೆ.” ಈ ಮಾತನ್ನು ಮಂಜುಳಾ ಮನೆಗೆ ಬಂದು ನನಗೆ ಹೇಳುವಾಗ ಅವಳ ಕಣ್ಣು ಒದ್ದೆಯಾಗಿದ್ದವು. ನಮ್ಮ ಮೇಜಿನ ಮುಂದೆ ದಿನಾ ಕ್ಯಾಲೆಂಡರ್ ನೋಡುತ್ತಾ ನಿಲ್ಲುವವರು ಏನು ನೋಡದಿರಲು ಕ್ಯಾಲೆಂಡರ್ ನೋಡುತ್ತಾರೆ ಎನ್ನುವುದು ನನಗೆ ಅವತ್ತು ಗೊತ್ತಾಯಿತು. ಜನಕ್ಕೆ ತಿಳಿವಳಿಕೆ ಇಲ್ಲವೆಂದಲ್ಲ, ತಮ್ಮದನ್ನು ತಾವೇ ಕೇಳಲು ಸಂಕೋಚ, ದುಃಖ, ಬಿಗುಮಾನ. ಇನ್ನೊಬ್ಬರಿಗಾಗಿ ಕೇಳಲು ಯಾವ ಸಂಕೋಚವೂ ಇಲ್ಲ. ಆಡಳಿತ ಎಷ್ಟೇ ಕಟ್ಟುನಿಟ್ಟಾಗಿರಲಿ, ಕೆಳಗೆ ಅದನ್ನು ನಡೆಸುತ್ತಿರುವುದು ಈ ಸರದಿಯ ಉಪಕಾರ ಎನ್ನುವುದು ಅವಳ ವಾದ. ಎಷ್ಟು ಸರಳ ಇದೆ ನೋಡಿ! ಇಷ್ಟು ಸರಳವಾದದ್ದನ್ನು ಕಾಣಲು ಎಂಥ ಕಣ್ಣು ಬೇಕು.

ಮೊಳಕಾಲ್ಮೂರು ಕಡೆಯ ಅಧ್ಯಾಯ ಇನ್ನೂ ಸೊಗಸಾಗಿದೆ. ಅದು ಆಂಧ್ರದ ಗಡಿ, ಬಹಳ ಜನರ ಮನೆಮಾತು ತೆಲುಗು, ಹಾಗಾಗಿ ಅಲ್ಲಿ ಜೊತೆಗೆ ಬಂದವರು ದುಭಾಷಿಯೂ ಹೌದು. ನಾನೂ ಕೆಲವು ಕಾಲ ಆ ಕಡೆ ಕೆಲಸ ಮಾಡಿದ್ದೇನೆ. ನನ್ನ ಅವ್ವನ ತವರೂ ಅದೇ ಕಡೆಯ ಕೊಂಡ್ಲಹಳ್ಳಿ. ತೆಲುಗು ನನಗೆ ತೊಟ್ಟಿಲಲ್ಲೇ ಬಂದದ್ದು. ಮೇಜಿನ ಮುಂದೆ ನಿಂತ ಅಜ್ಜ ಜೊತೆಗಾರನ ಕಿವಿಯಲ್ಲಿ “ಪೋಯಿನ ವಾರಂ ರಮ್ಮನ್ನಾರು ಅನಿ ಚೆಪ್ಪು” ಎನ್ನುತ್ತಾನೆ. ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಅರ್ಥವೂ ಆಗುತ್ತದೆ. ಆದರೂ ನಾನು ಕೇಳಿಸದವನಂತೆ ಕೂತಿರಬೇಕು. ಜೊತೆಗಾರ “ಹೋದ ವಾರ ಬರಾಕ್ ಹೇಳಿದ್ರಂತೆ ಸಾರ್” ಎನ್ನುತ್ತಾನೆ. ನಾನು ಕನ್ನಡದಲ್ಲಿ “ಮತ್ತೆ ಯಾಕೆ ಬರ್ಲಿಲ್ಲ?” ಎನ್ನುತ್ತೇನೆ. ಅಜ್ಜನಿಗೂ ಕನ್ನಡ ಚೆನ್ನಾಗಿ ಬರುತ್ತದೆ, ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಜಗಳ ಆಡುವಷ್ಟು ಬರುತ್ತದೆ. ಆದರೂ ಜೊತೆಗಾರ ತೆಲುಗಿಗೆ ತಿರುಗಿಸುವವರೆಗೆ ಕಾಯುತ್ತಾನೆ. ಮೂರು ಜನಕ್ಕೂ ಎರಡೂ ಭಾಷೆ ಬರುತ್ತದೆ, ಮೂರು ಜನಕ್ಕೂ ಅದು ಗೊತ್ತಿದೆ, ಆದರೂ ಯಾರೂ ಬಿಟ್ಟುಕೊಡುವುದಿಲ್ಲ. ಒಂದು ಸಲ ನಾನು ಆತುರಕ್ಕೆ ಬಿದ್ದು ನೇರವಾಗಿ ತೆಲುಗಿನಲ್ಲಿ ಉತ್ತರ ಕೊಟ್ಟುಬಿಟ್ಟೆ. ಅಜ್ಜ, ಯಾರೋ ಬಚ್ಚಲಿಗೆ ಇಣುಕಿದಂತೆ ಬೆಚ್ಚಿಬಿದ್ದ. ಮಂಜುಳಾ ಈ ಪ್ರಸಂಗವನ್ನು ನನ್ನ ಹೆಸರು ಹಾಕದೆ ಬರೆದಿದ್ದಾಳೆ. ಮಾತು ಎರಡು ಸಲ ಹೋಗಿ ಬರುವಷ್ಟರಲ್ಲಿ ಬಂದವನಿಗೆ ಉಸಿರು ತಿರುಗಲು ಸಮಯ ಸಿಗುತ್ತದೆ, ಅದನ್ನು ಕಿತ್ತುಕೊಳ್ಳುವುದು ದಕ್ಷತೆಯಲ್ಲ ಎಂದು ವಿಶ್ಲೇಷಿಸಿದ್ದಾಳೆ. ನಾನು ದಕ್ಷತೆ ಎಂದುಕೊಂಡಿದ್ದೆ.

ರಾಜಕೀಯದ ಅಧ್ಯಾಯವೂ ಒಂದಿದೆ. ಚುನಾವಣೆ ಬಂದಾಗ ಮೇಜು ತಿರುಗಿ ಕೂರುತ್ತದೆ. ಆಗ ಕೆಲಸ ಇರುವವನು ಅಭ್ಯರ್ಥಿ. ಅವನು ಗೌರಸಮುದ್ರದ ಯಾವುದೋ ಜಗಲಿಯ ಮುಂದೆ ಕೈಮುಗಿದು ಮೂಕನಾಗಿ ನಿಲ್ಲುತ್ತಾನೆ. ಮಾತಾಡುವವನು ಜೊತೆಗೆ ಬಂದವನು. “ನಮ್ಮಣ್ಣಂದೊಂದು ಸ್ವಲ್ಪ ನೋಡ್ಕಳ್ರಮ್ಮ” ಎನ್ನುತ್ತಾನೆ. ಸಭೆಯಲ್ಲಿ ಮೈಕು ಮುರಿಯುವಂತೆ ಮಾತಾಡುವ ಅಣ್ಣ ಒಬ್ಬ ಅಜ್ಜಿಯ ಎದುರಿಗೆ ತನ್ನ ಓಟು ತಾನೇ ಕೇಳಲಾರ. ಇದನ್ನು ಓದಿ ನಾನು ನಕ್ಕೆ. ಮುಂದಿನ ಪುಟದಲ್ಲಿ ಅಧಿಕಾರಿಗಳು ಬಂದರು. ನಮ್ಮ ಸಾಹೇಬರು ದೊಡ್ಡ ಸಾಹೇಬರ ಹತ್ತಿರ ಸಭೆಗೆ ಹೋಗುವಾಗ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ದೊಡ್ಡ ಸಾಹೇಬರು ಏನಾದರೂ ಕೇಳಿದರೆ ನಮ್ಮ ಸಾಹೇಬರು ಗೋಡೆ ಕಡೆ ನೋಡುತ್ತಾರೆ, ನಾನು ಒಂದು ಹೆಜ್ಜೆ ಮುಂದೆ ಬಂದು ಮಾತಾಡುತ್ತೇನೆ. ನನಗೆ ಅದು ನನ್ನ ಬುದ್ಧಿವಂತಿಕೆಗೆ ಸಿಕ್ಕ ಮನ್ನಣೆ ಎನಿಸಿತ್ತು. ನಾನು ಪಾಲಯ್ಯ ಎನ್ನುವುದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಕಷ್ಟ ಎಂದು ಹೇಳುತ್ತಿರಲಿಲ್ಲ. ಸಂಶೋಧನೆ ಕೊನೆಗೆ ನಮ್ಮ ಅಡುಗೆಮನೆಗೆ ಬಂತು. ಒಂದು ರಾತ್ರಿ ಊಟಕ್ಕೆ ಕೂತಾಗ ನಾನು ಎಂದಿನಂತೆ, “ಅವ್ವ, ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಆಗೈತೆ ಅಂತ ಹೇಳು” ಎಂದೆ. ಮಂಜುಳಾ ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಳು. ಅವ್ವ ಅವಳ ಕಡೆ ತಿರುಗಿ, “ಉಪ್ಪು ಕಮ್ಮಿ ಅಂತೆ ಕಣವ್ವ” ಎಂದಳು. ಮಂಜುಳಾ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಕಬ್ಬಿಣದ ಬೆಂಚಿನ ಮೇಲೆ ಕೂತು ನೋಡುವ ನೋಟ. “ಓಹೋ, ಹಂಗೋ” ಎಂದಳು. ಆಮೇಲೆ ಯೋಚಿಸಿದರೆ ನನಗೇ ಗಾಬರಿಯಾಯಿತು. ಅವಳನ್ನು ನೋಡಲು ಹೋದಾಗ ನಮ್ಮ ಸೋದರಮಾವ ಮಾತಾಡಿದ್ದು, ನಾನು ಗೋಡೆ ನೋಡಿದ್ದು. ಅವಳಿಗೆ ಕೆಲಸ ಸಿಕ್ಕಾಗ ಖುಷಿಯಾಯಿತು ಎಂದು ಹೇಳಿದ್ದು ಅವ್ವ. ಅವಳಿಗೆ ಜ್ವರ ಬಂದಾಗ ಆಸ್ಪತ್ರೆಗೆ ಹೋಗೋಣ ಎಂದು ಹೇಳಿಸಿದ್ದೂ ಅವ್ವನ ಕೈಲೇ. ನಮ್ಮ ಅವ್ವ ಬೀದಿಗೆಲ್ಲ ಜೊತೆಗಾರ್ತಿ. ಅಕ್ಕಪಕ್ಕದ ಹೆಂಗಸರನ್ನು ಬ್ಯಾಂಕಿಗೂ ಆಸ್ಪತ್ರೆಗೂ ಕರೆದುಕೊಂಡು ಹೋಗಿ ಮ್ಯಾನೇಜರನ್ನೇ ಗದರಿಸಿ ಬರುವವಳು. ತನ್ನ ಮಂಡಿನೋವು ಹೇಳಿಕೊಳ್ಳಲು ಮಾತ್ರ ಪಕ್ಕದ ಮನೆಯವಳನ್ನು ಕರೆದುಕೊಂಡು ಹೋಗುತ್ತಾಳೆ. ಅಂಥ ಅವ್ವನ ಮಗ ನಾನು, ಬೇರೆ ಇನ್ನೇನಾಗಲು ಸಾಧ್ಯ?

ಮಂಜುಳಾ ತನ್ನ ಪ್ರಬಂಧದ ಕೊನೆಗೆ ಒಂದೇ ಒಂದು ಶಿಫಾರಸು ಮಾಡಿದ್ದಾಳೆ. ಅಧಿಕಾರಿಯ ಮೇಜಿನ ಮುಂದೆ ಒಂದು ಕುರ್ಚಿ ಇದ್ದರೆ ಜೊತೆಗಾರ ಕೂರುತ್ತಾನೆ, ಕೆಲಸ ಇರುವವನು ಹಿಂದೆ ನಿಲ್ಲುತ್ತಾನೆ. ಎರಡು ಕುರ್ಚಿ ಹಾಕಿ, ಇಬ್ಬರೂ ಕೂರಲಿ, ಅಧಿಕಾರಿಗೆ ಇಬ್ಬರ ಮುಖವೂ ಕಾಣಲಿ. ಅಷ್ಟೆ. ದೊಡ್ಡ ದೊಡ್ಡ ಸುಧಾರಣೆಗಳ ಕಾಲದಲ್ಲಿ ಒಂದು ಕುರ್ಚಿ ಕೇಳುವುದಕ್ಕೆ ಎಷ್ಟು ಧೈರ್ಯ ಬೇಕು ನೀವೇ ಹೇಳಿ. ನನಗೆ ಅಭಿಮಾನ ಉಕ್ಕಿ ಬಂದು, ನಮ್ಮ ಆಫೀಸಿನಲ್ಲೇ ಇದನ್ನು ಮೊದಲು ಜಾರಿಗೆ ತರಬೇಕೆಂದು ಸಾಹೇಬರ ಕೋಣೆಗೆ ಹೋದೆ. ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ಇದು ನನ್ನ ಹೆಂಡತಿಯ ವಿಷಯ, ಹೇಗೆ ಕೇಳುವುದು? ಕೊನೆಗೆ ಜೀಪಿನ ಡ್ರೈವರನ್ನು ಕರೆದುಕೊಂಡು ಹೋದೆ. ಅವನು ಒಂದು ಹೆಜ್ಜೆ ಮುಂದೆ ಬಂದು “ಇವ್ರದೊಂದು ಕೆಲ್ಸ ಇತ್ತು ಸಾರ್” ಎಂದ. ಸಾಹೇಬರು ಒಳ್ಳೆಯವರು, ಒಪ್ಪಿದರು, ಸ್ಟೋರಿನಲ್ಲಿದ್ದ ಕೈ ಮುರಿದ ಕುರ್ಚಿಯೊಂದು ನನ್ನ ಮೇಜಿನ ಮುಂದೆ ಬಂತು. ಮೊದಲ ವಾರವೇ ಜನ ಇಬ್ಬಿಬ್ಬರು ಜೊತೆಗಾರರನ್ನು ಕರೆದುಕೊಂಡು ಬರತೊಡಗಿದರು. ಇಬ್ಬರೂ ಕುರ್ಚಿಯಲ್ಲಿ ಕೂತರು, ಕೆಲಸ ಇರುವವನು ಹಿಂದೆ ನಿಂತು ಕ್ಯಾಲೆಂಡರ್ ನೋಡಿದ. ನಾನು ಜೋಲು ಮುಖ ಹಾಕಿಕೊಂಡು ಮನೆಗೆ ಬಂದು ಹೇಳಿದರೆ ಮಂಜುಳಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕುರ್ಚಿ ಹಾಕಿದ್ರೆ ಸಾಲ್ದು, ನೀವು ‘ನೀನು ಕೂತ್ಕಳಪ್ಪಾ’ ಅಂತ ಅವ್ನಿಗೆ ಹೇಳ್ಬೇಕು” ಎಂದಳು. ಹೇಳಿ ನೋಡಿದೆ. ಮೊದಲು ಕೂತವಳು ಕುರಿ ಕಳೆದುಕೊಂಡ ಒಬ್ಬ ಮುದುಕಿ. ಕುರ್ಚಿಯ ತುದಿಯಲ್ಲಿ ಕೂತು, ನನ್ನ ಮುಖ ನೋಡಿ, “ನಂದೇ ಕಣಪ್ಪ ಕೆಲ್ಸ” ಎಂದಳು. ಅವತ್ತು ನಾನು ತಲೆನೋವಿನ ಮಾತ್ರೆ ತೆಗೆದುಕೊಳ್ಳಲಿಲ್ಲ.

ಪ್ರಬಂಧ ಸಲ್ಲಿಕೆಯಾಗಿ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಅದು ಬಹಿರಂಗವಾಗಿ ನಡೆಯುವಂಥದ್ದು, ಯಾರು ಬೇಕಾದರೂ ಹೋಗಿ ಕೂರಬಹುದು. ಪರೀಕ್ಷಕರು ಬೇರೆ ವಿಶ್ವವಿದ್ಯಾಲಯದವರು, ಬಹಳ ಬಿಗಿ ಎಂದು ಮಂಜುಳಾಳ ಮಾರ್ಗದರ್ಶಕರು ಮೊದಲೇ ಎಚ್ಚರಿಸಿದ್ದರು. ಆ ಪರೀಕ್ಷಕರು ತಮ್ಮ ವರದಿಯಲ್ಲಿ ಒಂದೇ ಆಕ್ಷೇಪ ಎತ್ತಿದ್ದರಂತೆ: ಇವರು ಜೊತೆಗಾರ ಎಂದು ಕರೆಯುವುದು ದಲ್ಲಾಳಿಯನ್ನೇ ಅಲ್ಲವೇ? ಅದಕ್ಕೆ ಸಮಾಧಾನಕರ ಉತ್ತರ ಬರದಿದ್ದರೆ ಪ್ರಬಂಧ ವಾಪಸ್ಸು, ಬೆಂಚಿನ ಮೇಲೆ ಕೂತ ಅಷ್ಟೂ ವರ್ಷ ಮತ್ತೆ ಮೊದಲಿನಿಂದ. ಪದವಿಗಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದದ್ದು ಇನ್ನೊಂದು. ಪಾಲಯ್ಯನನ್ನು ದಲ್ಲಾಳಿ ಎಂದು ಬರೆಯಬೇಕಾಗಿ ಬಂದರೆ ತಾನು ಈ ಪದವಿ ಮುಟ್ಟುವುದಿಲ್ಲ ಎಂದಳು. ಉತ್ತರವನ್ನು ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಸ್ಕೂಟರಿನ ಹಿಂದೆ ಕೂತು ಅಭ್ಯಾಸ ಮಾಡಿದಳು. ಕೇಳಿ ಕೇಳಿ ನನಗೆ ಬಾಯಿಪಾಠವಾಯಿತು, ಅವ್ವನಿಗೂ ಬಾಯಿಪಾಠವಾಯಿತು.

ಪರೀಕ್ಷೆಯ ದಿನ ಮೂವರೂ ಹೋದೆವು. ನಾನು ಮತ್ತು ಅವ್ವ ಕೊನೆಯ ಸಾಲಿನಲ್ಲಿ ಕೂತೆವು. ಮಂಜುಳಾ ಅರ್ಧ ಗಂಟೆ ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ, ಇವಳು ನಮ್ಮ ಮನೆಯವಳು ಎಂದು ಪಕ್ಕದವರಿಗೆ ಹೇಳಬೇಕೆನಿಸಿತು. ಹೇಳಲಿಲ್ಲ, ಅವ್ವ ಹೇಳಿದಳು. ಆಮೇಲೆ ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: “ನೋಡಿ ಅಮ್ಮ, ದಲ್ಲಾಳಿಗೆ ನೀವು ಒಂದು ಒಳ್ಳೆಯ ಹೆಸರು ಇಟ್ಟಿದ್ದೀರಿ. ಅದಕ್ಕಿಂತ ಹೆಚ್ಚಿಗೆ ಇದರಲ್ಲಿ ಏನಿದೆ?” ಕಾದಿದ್ದ ಪ್ರಶ್ನೆಯೇ. ಮಂಜುಳಾ ಬಾಯಿ ತೆಗೆದಳು. ಮಾತು ಬರಲಿಲ್ಲ. ನೀರು ಕುಡಿದಳು, ಮತ್ತೆ ಬಾಯಿ ತೆಗೆದಳು. ಆಮೇಲೆ ಸೆರಗಿನ ಅಂಚು ಹಿಡಿದುಕೊಂಡು ಗೋಡೆಯ ಕಡೆ ನೋಡಿದಳು. ಆ ಗೋಡೆಯ ಮೇಲೂ ಒಂದು ಕ್ಯಾಲೆಂಡರ್ ಇತ್ತು.

ಆಮೇಲೆ ಏನಾಯಿತೋ ನನಗೆ ಸರಿಯಾಗಿ ತಿಳಿಯದು. ಸಾಹೇಬರ ಪರವಾಗಿ ಬಿಟ್ಟರೆ ಮನೆಯ ಸಮಾರಂಭದಲ್ಲೂ ನಾಲ್ಕು ಜನರ ಮುಂದೆ ನಿಲ್ಲದ ನಾನು ಎದ್ದು ನಿಂತಿದ್ದೆ. ಸಾಲುಗಳ ನಡುವೆ ನುಗ್ಗಿ ಮುಂದೆ ಬಂದಿದ್ದೆ. “ಸಾರ್, ಇವ್ರು ಹೇಳೋದು ಏನಂದ್ರೆ” ಎಂದು ಶುರುಮಾಡಿದವನು ನಿಲ್ಲಲೇ ಇಲ್ಲ. “ದಲ್ಲಾಳಿ ಯಾವತ್ತೂ ಮಾತಾಡೋನೇ ಸಾರ್, ಅವ್ನಿಗೆ ಜೊತೆ ಬೇಕಾಗಲ್ಲ. ಇವ್ರು ಹಂಗಲ್ಲ. ಇವತ್ತು ಮಾತಾಡ್ದೋನು ನಾಳೆ ಮೂಕ ಆಗ್ತಾನೆ. ಇವತ್ತು ಮೂಕ ಆದೋನು ನಾಳೆ ಅವ್ನಿಗೋಸ್ಕರ ಮಾತಾಡ್ತಾನೆ. ಸರದಿ ಸಾರ್ ಅದು, ವ್ಯಾಪಾರ ಅಲ್ಲ” ಎಂದೆ. ಸಭೆಯಲ್ಲಿ ಗುಸುಗುಸು ಎದ್ದಿತು. ಪರೀಕ್ಷಕರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿ, “ನೀವು ಯಾರು?” ಎಂದರು. “ಜೊತೆಗೆ ಬಂದೋನು ಸಾರ್” ಎಂದೆ. ಜನ ಗೊಳ್ಳೆಂದು ನಕ್ಕರು. “ನಿಮಗೆ ಇದರಿಂದ ಏನು ಲಾಭ?” ಎಂದರು ಅವರು, ಬಿಗಿ ಬಿಡದೆ. “ಏನೂ ಇಲ್ಲ ಸಾರ್. ಇವ್ರು ಬರೆಯೋಕೆ ಕೂತಾಗ್ಲಿಂದ ಪಾತ್ರೆ ನಾನೇ ತೊಳೀತಿದೀನಿ” ಎಂದೆ. ಮಾರ್ಗದರ್ಶಕರು ಹಣೆ ಒತ್ತಿಕೊಂಡರು. ನನ್ನ ಹೆಂಡತಿಯ ಪದವಿಯನ್ನು ಕೈಯಾರೆ ಹಾಳುಮಾಡಿದೆ ಎಂದು ನನಗೆ ಅರ್ಥವಾಗಿದ್ದು ಆಗ.

ಅಷ್ಟರಲ್ಲಿ ಮಂಜುಳಾ ನಗುವುದು ಕೇಳಿಸಿತು. ಗೋಡೆಯಿಂದ ಮುಖ ತಿರುಗಿಸಿ, ಸೆರಗು ಬಿಟ್ಟು, ನೆಟ್ಟಗೆ ನಿಂತಿದ್ದಳು. “ಸರ್, ಉತ್ತರ ನಿಮ್ಮ ಎದುರಿಗೇ ಆಯ್ತು” ಎಂದಳು. “ಈ ವಿಷಯ ನನಗಿಂತ ಚೆನ್ನಾಗಿ ಗೊತ್ತಿರೋರು ಈ ಹಾಲಿನಲ್ಲಿ ಇಲ್ಲ. ಆದ್ರೂ ನನಗೆ ಮಾತು ಬರ್ಲಿಲ್ಲ, ಯಾಕಂದ್ರೆ ಇದು ನನ್ನ ಕುರಿ. ಇವರಿಗೆ ಬಂತು, ಯಾಕಂದ್ರೆ ಇದು ಇವರ ಕುರಿ ಅಲ್ಲ. ಇವರು ದಲ್ಲಾಳಿ ಆಗಿದ್ರೆ ಯಾವ ಪ್ರಶ್ನೆಗೂ ಉತ್ತರ ಕೊಡ್ತಾರೆ. ಇವರ ಬಗ್ಗೆಯೇ ಒಂದು ಪ್ರಶ್ನೆ ಕೇಳಿ ನೋಡಿ ಸರ್.” ಪರೀಕ್ಷಕರಿಗೆ ಉತ್ಸಾಹ ಬಂತು. ನನ್ನ ಕಡೆ ತಿರುಗಿ, “ಸರಿ, ಇವರ ಈ ಕೆಲಸದ ಬಗ್ಗೆ ನಿಮಗೆ, ನಿಮ್ಮ ಮನಸ್ಸಿಗೆ, ಏನನ್ನಿಸುತ್ತದೆ? ಹೇಳಿ” ಎಂದರು. ನಾನು ಬಾಯಿ ತೆಗೆದೆ. ಹೇಳಬೇಕಾದದ್ದು ಬೇಕಾದಷ್ಟಿತ್ತು, ಒಂದಾದರೂ ಹೊರಗೆ ಬರಬೇಕಲ್ಲ! ಕೈ ತಾನಾಗಿ ಕರವಸ್ತ್ರದ ಅಂಚು ಹುಡುಕಿತು, ಕಣ್ಣು ಕ್ಯಾಲೆಂಡರಿಗೆ ಹೋಯಿತು. ಆಗ ಕೊನೆಯ ಸಾಲಿನಿಂದ ಮಂಡಿ ಹಿಡಿದುಕೊಂಡು ಎದ್ದವಳು ಅವ್ವ. “ಅವ್ನಿಗೆ ಭಾಳ ಸಂತೋಷ ಆಗೈತೆ ಸ್ವಾಮಿ. ಅವ್ಳು ಅಂದ್ರೆ ಹೆಮ್ಮೆ ಅವ್ನಿಗೆ. ಹೇಳಾಕ್ ಬರಲ್ಲ ಅಷ್ಟೆ” ಎಂದಳು. ಬಿಗಿ ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪ್ರಬಂಧವನ್ನು ಒಂದಕ್ಷರ ಬದಲಿಸದೆ ಅಂಗೀಕರಿಸಬಹುದೆಂದು ಅಲ್ಲೇ ಘೋಷಿಸಿದರು. ಪಾಲಯ್ಯನ ಮಾನ ಉಳಿಯಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಎಂದಿನಂತೆ ಅವ್ವ ನಡುವೆ. ಊರು ದಾಟುವಷ್ಟರಲ್ಲಿ ಅವ್ವ ತಲೆ ಹಿಂದಕ್ಕೆ ಹಾಕಿ ನಿದ್ದೆಹೋದಳು. ಮಂಜುಳಾ ಅವ್ವನ ಮಡಿಲಿನ ಮೇಲಿಂದ ಸ್ವಲ್ಪ ಬಗ್ಗಿ, ಮೆಲ್ಲಗೆ, “ಅವ್ವ ಹೇಳಿದ್ದು ಕೇಳಿಸ್ತು. ಈಗ ನೀವು ಹೇಳ್ರಿ” ಎಂದಳು. ಕೇಳುತ್ತಿರುವವಳು ಈಗ ಡಾಕ್ಟರ್ ಮಂಜುಳಾ. ಆಕೆ ಪಾಲಯ್ಯನನ್ನೇ ಮಾತಾಡಿಸಿದವಳು. ನಾನು ಉಸಿರು ತೆಗೆದುಕೊಂಡೆ, ಅವಳ ಮುಖ ನೋಡಿದೆ, “ಗಾಳಿ ಜಾಸ್ತಿ ಬರ್ತೈತೆ, ಕಿಟಕಿ ಮುಚ್ಲಾ?” ಎಂದೆ. ಅವಳು ಅದನ್ನೂ ‘ಓಹೋ, ಹಂಗೋ’ ಎಂದು ಸ್ವೀಕರಿಸಿ ತಲೆಯಾಡಿಸಿದಳು. ಕಿಟಕಿ ಮುಚ್ಚಿದೆ. ಚಳ್ಳಕೆರೆಯವರೆಗೆ ಮೂವರೂ ಬೆವೆತೆವು.

ಅದಕ್ಕೇ ಇದನ್ನೆಲ್ಲ ನಿಮ್ಮ ಮುಂದೆ ತೋಡಿಕೊಂಡಿದ್ದು. ನಾನು ಇಷ್ಟು ವರ್ಷ ಆ ಮೇಜಿನ ಹಿಂದೆ ಕೂತು ಕಾಣದ್ದನ್ನು ಅವಳು ಹೊರಗಿನ ಬೆಂಚಿನಿಂದ ಕಂಡಳು, ಅವಳಂಥವಳ ಜೊತೆ ಮುದ್ದೆ ಉಣ್ಣುವುದು ನನ್ನ ಭಾಗ್ಯ ಎಂದು ಅವಳಿಗೆ ಹೇಳಬೇಕಾಗಿದೆ. ಅವ್ವ ತನ್ನ ಪಾಲು ಹೇಳಿ ಆಗಿದೆ, ಇನ್ನು ಬರುವುದಿಲ್ಲ ಎಂದಿದ್ದಾಳೆ. ನೀವು ಇಷ್ಟು ಜನ ಓದುತ್ತಿದ್ದೀರಿ, ಒಮ್ಮೆ ನಮ್ಮ ಮನೆಯವರೆಗೆ ನನ್ನ ಜೊತೆ ಬನ್ನಿ. ಯಾರಾದರೂ ಒಬ್ಬರು ಒಂದು ಹೆಜ್ಜೆ ಮುಂದೆ ಹೋಗಿ, “ಇವ್ರದೊಂದು ಮಾತಿತ್ತು ಮೇಡಂ” ಎಂದು ಶುರುಮಾಡಿಕೊಟ್ಟರೆ ಸಾಕು. ಅವಳು ನಿಮಗೆಲ್ಲ ಕುರ್ಚಿ ಹಾಕಿ, ಟೀ ಕೊಟ್ಟು, ಆಮೇಲೆ ನಿಮ್ಮನ್ನೆಲ್ಲ ದಾಟಿ ನನ್ನ ಕಡೆ ತಿರುಗಿ “ನೀವು ಹೇಳ್ರಿ” ಎನ್ನುತ್ತಾಳೆ, ಅದು ನನಗೆ ಗೊತ್ತು. ಆ ಹೊತ್ತಿಗೆ ದಯವಿಟ್ಟು ನಿಮ್ಮಲ್ಲಿ ಒಬ್ಬರು ಕಿಟಕಿಗೆ ಅಡ್ಡವಾಗಿ ಕೂತಿರಿ.